ಮೀಟರ್ ಓಡದಿದ್ದರೂ ಕಾರಿಗೆ ವಯಸ್ಸಾಗುತ್ತದೆ

ಓದುಗರ ಪ್ರಶ್ನೆ:

"ನಾವು ಥಾಣೆಯ ಘೋಡ್‌ಬಂದರ್ ರಸ್ತೆಯಲ್ಲಿದ್ದೇವೆ, ಊರು ಕುಂದಾಪುರ. 2018ರ ಜೂನ್‌ನಲ್ಲಿ ಸಣ್ಣ ಪೆಟ್ರೋಲ್ ಕಾರು ತೆಗೆದುಕೊಂಡೆವು. ಓಡಿಸುವವಳು ನಾನೇ. ನಮ್ಮಿಬ್ಬರಿಗೂ ಆಫೀಸಿಗೆ ಲೋಕಲ್ ಟ್ರೇನೇ ಅನುಕೂಲ, ಹಾಗಾಗಿ ಕಾರು ಹೊರಗೆ ಬರುವುದು ತಿಂಗಳಿಗೆ ಒಂದೋ ಎರಡೋ ಸಲ. ವರ್ಷಕ್ಕೆ ಎರಡು ಸಲ, ಮೇ ಮತ್ತು ಡಿಸೆಂಬರ್‌ನಲ್ಲಿ, ಊರಿಗೆ ಹೋಗುತ್ತೇವೆ. ಏಳು ವರ್ಷಕ್ಕೆ ಓಡಿದ್ದು ಬರೀ 26,000 ಕಿಲೋಮೀಟರ್. ಕಳೆದ ಮೇ ತಿಂಗಳಲ್ಲಿ ಹೊರಡುವ ದಿನ ಬೆಳಗಿನ ಜಾವ ನಾಲ್ಕಕ್ಕೆ ಬ್ಯಾಟರಿ ಸತ್ತಿತ್ತು. ಪಕ್ಕದ ಬಿಲ್ಡಿಂಗಿನ ಟ್ಯಾಕ್ಸಿಯವರು ಜಂಪ್ ಸ್ಟಾರ್ಟ್ ಮಾಡಿಕೊಟ್ಟರು. ಮಧ್ಯಾಹ್ನ ಕಣಕವಲಿ ದಾಟಿದ ಮೇಲೆ ಹಿಂದಿನ ಎಡ ಟೈರ್ ಒಡೆಯಿತು. ಯಾರಿಗೂ ಏನೂ ಆಗಲಿಲ್ಲ, ಆದರೆ ಅತ್ತೆ ಈಗಲೂ ಕಾರು ಹತ್ತಲು ಹೆದರುತ್ತಾರೆ. ಸ್ಟೆಪ್ನಿಯಲ್ಲೂ ಗಾಳಿ ಇರಲಿಲ್ಲ. ಅಲ್ಲಿನ ಟೈರ್ ಅಂಗಡಿಯವರು ಒಂದು ಹೊಸದು ಹಾಕಿ, ಉಳಿದವೂ ಹಳೆಯದಾಗಿವೆ, ಎಲ್ಲ ಬದಲಿಸಿ ಎಂದರು. ಗ್ರಿಪ್ ನೋಡಿದರೆ ಹೊಸದರ ಹಾಗೇ ಇದೆ. ಮಳೆಗಾಲ ಮುಗಿದ ಮೇಲೆ ಕಾರು ತೆಗೆದರೆ ಹಿಂದಿನ ಚಕ್ರ ಹಿಡಿದುಕೊಂಡಿತ್ತು, ಆಮೇಲೆ 'ಟಕ್' ಎಂದು ಬಿಟ್ಟಿತು. ಓಡದೇ ಇರುವ ಕಾರಿಗೆ ಇಷ್ಟೆಲ್ಲ ಯಾಕೆ? ವರ್ಷಕ್ಕೆ ಮೂರು-ನಾಲ್ಕು ಸಾವಿರ ಕಿಲೋಮೀಟರ್ ಓಡಿದರೂ ಆಯಿಲ್ ಬದಲಿಸಬೇಕಾ? ವಾಚ್‌ಮನ್ ಹತ್ತಿರ ಕೀ ಕೊಟ್ಟು ದಿನಾ ಐದು ನಿಮಿಷ ಸ್ಟಾರ್ಟ್ ಮಾಡಿಸು ಎಂದು ಭಾವ ಹೇಳುತ್ತಾರೆ, ಮಾಡಿಸಲಾ? ಇಲ್ಲ ಕಾರನ್ನೇ ಮಾರಿಬಿಡಲಾ? ಡಿಸೆಂಬರ್ ಹತ್ತಿರ ಬಂತು."

ಉತ್ತರ:

ಹಿಂದಿನ ಟೈರ್ ಒಡೆದಾಗ ಕಾರನ್ನು ಹಿಡಿತದಲ್ಲಿಟ್ಟುಕೊಂಡು ಪಕ್ಕಕ್ಕೆ ತಂದು ನಿಲ್ಲಿಸಿದ್ದೀರಲ್ಲ, ಅದು ಸಣ್ಣ ಕೆಲಸ ಅಲ್ಲ. ಗಾಬರಿಯಲ್ಲಿ ಬ್ರೇಕ್ ಜೋರಾಗಿ ಒತ್ತಿದ್ದರೆ ಕಾರು ತಿರುಗಿ ನಿಲ್ಲುವ ಸಾಧ್ಯತೆ ಇತ್ತು. ಅತ್ತೆಯವರಿಗೆ ಇದನ್ನು ಹೇಳಿ, ಅವರಿಗೆ ನಿಮ್ಮ ಮೇಲೆ ಧೈರ್ಯ ಬರಲಿ.

ನಿಮ್ಮ ಪತ್ರದಲ್ಲಿ ಪ್ರಶ್ನೆ ನಾಲ್ಕೈದು ಇದ್ದರೂ ಸಂಶಯ ಒಂದೇ. ಕಾರು ಓಡಿಯೇ ಇಲ್ಲ, ಹಾಗಾದರೆ ಹಾಳಾಗುವುದು ಹೇಗೆ, ಎಲ್ಲರೂ ಸೇರಿ ನಮ್ಮ ಹತ್ತಿರ ದುಡ್ಡು ಕೀಳುತ್ತಿದ್ದಾರಾ ಅಂತ. ಈ ಸಂಶಯ ಬರುವುದು ಸಹಜ. ಆದರೆ ಕಣಕವಲಿಯ ಆ ಅಂಗಡಿಯವರು ನಿಮಗೆ ಹೇಳಿದ್ದು ಸರಿ.

ಮುಂಬೈಯ ಭಾಂಡುಪ್‌ನ ಎಲ್‌ಬಿಎಸ್ ರಸ್ತೆಯಲ್ಲಿ ನಾನು ಗ್ಯಾರೇಜ್ ಇಟ್ಟು 27 ವರ್ಷ ಆಯಿತು. ನನ್ನ ಹತ್ತಿರ ಬರುವ, ಕರಾವಳಿ ಮೂಲದ ನಮ್ಮವರ ಕಾರುಗಳಲ್ಲಿ ತುಂಬ ಇಂಥವೇ. ಮುಲುಂಡ್, ಥಾಣೆ, ಡೊಂಬಿವಲಿ, ಕಲ್ಯಾಣ್, ಎಲ್ಲ ಕಡೆಯಿಂದ ಬರುತ್ತವೆ. ವರ್ಷವೆಲ್ಲ ಸೊಸೈಟಿಯ ಕೆಳಗೆ ನಿಂತಿರುತ್ತವೆ, ಆಮೇಲೆ ಒಂದು ದಿನ ಐದು ಜನರನ್ನು ಕೂರಿಸಿಕೊಂಡು, ಡಿಕ್ಕಿ ತುಂಬ ಸಾಮಾನು ಹಾಕಿಕೊಂಡು, ಎಸಿ ಬಿಟ್ಟುಕೊಂಡು ಸುಮಾರು 800 ಕಿಲೋಮೀಟರ್ ಓಡುತ್ತವೆ. ವಾಪಸ್ ಬರುವಾಗ ಇನ್ನೂ ಭಾರ. ಕುಚ್ಚಲಕ್ಕಿ, ತೆಂಗಿನಕಾಯಿ, ಮೇ ತಿಂಗಳಾದರೆ ಹಲಸು, ಮಾವು. ದಿನಾ ಓಡುವ ಕಾರಿಗೆ ಇದೇನೂ ದೊಡ್ಡದಲ್ಲ. ಹತ್ತು ತಿಂಗಳು ನಿಂತಿದ್ದ ಕಾರಿಗೆ ಬಹಳ ದೊಡ್ಡದು. ಟೈರಿನ ರಬ್ಬರ್, ಬ್ಯಾಟರಿ, ಆಯಿಲ್, ಬ್ರೇಕ್ ಆಯಿಲ್, ಇವೆಲ್ಲ ಗಾಳಿ, ಬಿಸಿಲು, ತೇವದಿಂದಲೂ ಹಾಳಾಗುತ್ತವೆ. ಅದಕ್ಕೆ ಮೀಟರ್ ಓಡಬೇಕಾಗಿಲ್ಲ. ಮೇಲಿಂದ ಮುಂಬೈ-ಥಾಣೆ ಅಂದರೆ ಖಾಡಿ, ಅಂದರೆ ಸಮುದ್ರದ ಹಿನ್ನೀರಿನ ಪಕ್ಕದ ಊರು. ನಾಲ್ಕು ತಿಂಗಳು ಮಳೆ, ಉಳಿದ ದಿನ ಉಪ್ಪಿನ ತೇವ.

ಟೈರಿನಿಂದ ಶುರು ಮಾಡುತ್ತೇನೆ, ಯಾಕೆಂದರೆ ಜೀವಕ್ಕೆ ಸಂಬಂಧಿಸಿದ್ದು ಅದೇ. ಫೋನಿನ ಟಾರ್ಚ್ ಹಾಕಿ ಟೈರಿನ ಪಕ್ಕದ ಭಾಗ ನೋಡಿ. ಡಾಟ್ (DOT) ಎಂದು ಇಂಗ್ಲಿಷಿನಲ್ಲಿ ಬರೆದಿರುವ ಸಾಲಿನ ಕೊನೆಗೆ ಒಂದು ಮೊಟ್ಟೆಯಾಕಾರದ ಗೆರೆಯೊಳಗೆ ನಾಲ್ಕು ಅಂಕಿ ಇರುತ್ತವೆ. 1418 ಎಂದಿದ್ದರೆ ಅದು 2018ನೇ ಇಸವಿಯ 14ನೇ ವಾರ ತಯಾರಾದ ಟೈರ್, ಅಂದರೆ ಏಪ್ರಿಲ್ ಮೊದಲ ವಾರದ ಆಸುಪಾಸು. ಕೆಲವು ಟೈರ್‌ಗಳಲ್ಲಿ ಈ ಅಂಕಿ ಒಂದೇ ಬದಿಯಲ್ಲಿರುತ್ತದೆ, ಹೊರಗೆ ಕಾಣದಿದ್ದರೆ ಒಳಬದಿ ನೋಡಬೇಕು. ನಿಮ್ಮ ಕಾರು ಜೂನ್‌ನಲ್ಲಿ ಬಂದಿದ್ದರಿಂದ ಹಳೆಯ ಟೈರ್‌ಗಳ ಮೇಲೆ ಇಂಥದೇ ಅಂಕಿ ಇರಬೇಕು. ಅಂದರೆ ಏಳು ವರ್ಷ ದಾಟಿದೆ. ಐದು ವರ್ಷ ಆದ ಮೇಲೆ ಪ್ರತಿ ವರ್ಷ ಟೈರ್ ತಪಾಸಣೆ ಮಾಡಿಸಬೇಕು, ಗ್ರಿಪ್ ಎಷ್ಟೇ ಇದ್ದರೂ ಹತ್ತು ವರ್ಷಕ್ಕಿಂತ ಜಾಸ್ತಿ ಇಟ್ಟುಕೊಳ್ಳಲೇಬಾರದು ಎಂದು ಟೈರ್ ಕಂಪನಿಗಳು ಹೇಳುತ್ತವೆ. ಆರು ವರ್ಷಕ್ಕೇ ತೆಗೆಯಿರಿ ಎನ್ನುವ ಕಾರು ಕಂಪನಿಗಳೂ ಇವೆ. ನಮ್ಮ ಸೆಖೆಗೆ, ನಿಮ್ಮಂಥ ಓಟಕ್ಕೆ ನಾನು ಆರು ವರ್ಷವನ್ನೇ ಗಡಿ ಅಂತ ಇಟ್ಟುಕೊಂಡಿದ್ದೇನೆ.

ಗ್ರಿಪ್ ಇದ್ದರೂ ಒಡೆಯುವುದು ಯಾಕೆ ಅಂದರೆ, ಗ್ರಿಪ್ ಇರುವುದು ರಸ್ತೆಗೆ ತಾಗುವ ಜಾಗದಲ್ಲಿ, ಒಡೆಯುವುದು ಪಕ್ಕದ ತೆಳು ಭಾಗ. ರಬ್ಬರಿನ ಒಳಗೆ ಒಂಥರಾ ಮೇಣ ಬೆರೆಸಿರುತ್ತಾರೆ. ಟೈರ್ ಉರುಳುವಾಗ ಬಗ್ಗಿ ಬಗ್ಗಿ ಆ ಮೇಣ ನಿಧಾನಕ್ಕೆ ಹೊರಮೈಗೆ ಬರುತ್ತದೆ, ಗಾಳಿಯಲ್ಲಿರುವ ಓಝೋನ್ ತಾಗದ ಹಾಗೆ ರಬ್ಬರನ್ನು ಕಾಯುತ್ತದೆ. ನಿಂತ ಟೈರಿನಲ್ಲಿ ಮೇಣ ಹಾಗೆ ಹೊರಗೆ ಬರುವುದಿಲ್ಲ. ರಬ್ಬರ್ ಒಣಗಿ, ಕೂದಲೆಳೆಯಂಥ ಬಿರುಕು ಬಿಡುತ್ತದೆ. ಅದೇ ಕಾರಣಕ್ಕೆ ಎಷ್ಟೋ ಸಲ ಟ್ಯಾಕ್ಸಿಯ ಸವೆದ ಟೈರಿಗಿಂತ ಮನೆ ಕಾರಿನ 'ಹೊಸದರಂಥ' ಟೈರ್ ನೋಡಿದರೆ ನನಗೆ ಜಾಸ್ತಿ ಭಯ.

ಇದರ ಜೊತೆ ಗಾಳಿಯ ವಿಷಯ. ಪಂಕ್ಚರ್ ಇಲ್ಲದಿದ್ದರೂ ಟೈರಿನಿಂದ ತಿಂಗಳಿಗೆ, ಗಾಳಿಯ ಒತ್ತಡದ ಅಳತೆಯಲ್ಲಿ, ಒಂದೆರಡು ಪಿಎಸ್‌ಐ ಗಾಳಿ ತಾನೇ ಇಳಿಯುತ್ತದೆ. ಕೊನೆಯ ಸಲ ಗಾಳಿ ನೋಡಿ ನಾಲ್ಕು ತಿಂಗಳಾಗಿದ್ದರೆ ಎಂಟು ಪಿಎಸ್‌ಐವರೆಗೂ ಕಡಿಮೆ ಆಗಿರಬಹುದು. ಗಾಳಿ ಕಡಿಮೆ ಇದ್ದಾಗ ಪಕ್ಕದ ಭಾಗ ಒಂದೊಂದು ಸುತ್ತಿಗೂ ಜಾಸ್ತಿ ಬಗ್ಗುತ್ತದೆ, ಬಗ್ಗಿದಷ್ಟೂ ಒಳಗೆ ಬಿಸಿ ಏರುತ್ತದೆ. ಹಳೆ ರಬ್ಬರ್, ಕಡಿಮೆ ಗಾಳಿ, ತುಂಬಿದ ಕಾರು, ಮೇ ತಿಂಗಳ ಮಧ್ಯಾಹ್ನ ಕಾದ ಕಾಂಕ್ರೀಟ್ ರಸ್ತೆ, ಎಂಟು ಗಂಟೆಯ ಓಟ. ಕಣಕವಲಿಯಲ್ಲಿ ಈ ಐದೂ ಒಟ್ಟಿಗೆ ಸೇರಿದ್ದವು ಅಂತ ನನ್ನ ಅಂದಾಜು. ನೈಟ್ರೋಜನ್ ತುಂಬಿಸಿದ್ದರೆ ಒಡೆಯುತ್ತಿರಲಿಲ್ಲ ಎಂದು ಯಾರಾದರೂ ಹೇಳಬಹುದು, ನಂಬಬೇಡಿ. ನಾವು ಉಸಿರಾಡುವ ಗಾಳಿಯಲ್ಲೇ 78 ಭಾಗ ನೈಟ್ರೋಜನ್ ಇದೆ. ಸರಿಯಾದ ಅಳತೆಗೆ ಸಾದಾ ಗಾಳಿ ಇದ್ದರೆ ಸಾಕು. ಅಳತೆ ಎಷ್ಟು ಎನ್ನುವುದು ಚಾಲಕನ ಬಾಗಿಲು ತೆರೆದರೆ ಬಾಗಿಲ ಚೌಕಟ್ಟಿನ ಕಂಬದ ಮೇಲೆ ಅಂಟಿಸಿದ ಚೀಟಿಯಲ್ಲಿದೆ. ಅದರಲ್ಲಿ ಪೂರ್ತಿ ಭಾರಕ್ಕೆ ಬೇರೆ ಅಂಕಿ ಕೊಟ್ಟಿರುತ್ತಾರೆ. ಊರಿಗೆ ಹೊರಡುವಾಗ ಆ ಅಂಕಿಯೇ ಬೇಕು, ಟೈರ್ ತಣ್ಣಗಿರುವಾಗಲೇ ತುಂಬಿಸಬೇಕು.

ಹಾಗಾಗಿ ಡಿಸೆಂಬರ್‌ಗೆ ಮೊದಲು ಉಳಿದ ಮೂರು ಹಳೆಯ ಟೈರ್ ತೆಗೆಸಿಬಿಡಿ. ಕಣಕವಲಿಯಲ್ಲಿ ಹಾಕಿದ್ದು ಯಾವ ಕಂಪನಿ, ಯಾವ ಅಳತೆ ನೋಡಿ, ಅದೇ ತೆಗೆದುಕೊಂಡರೆ ನಾಲ್ಕೂ ಒಂದೇ ಥರ ಆಗುತ್ತವೆ. ಸಣ್ಣ ಕಾರಿನ ಟೈರ್ ಒಂದಕ್ಕೆ ನಾಲ್ಕು-ಐದು ಸಾವಿರದ ಆಸುಪಾಸು ಆಗುತ್ತದೆ. ಈಗ ಎರಡಕ್ಕೆ ಮಾತ್ರ ಕೈಯಲ್ಲಿ ದುಡ್ಡಿದೆ ಎಂದರೆ ಹೊಸದನ್ನು ಹಿಂದಕ್ಕೆ ಹಾಕಿಸಿ. ಮುಂದಕ್ಕೆ ಹಾಕಬೇಕು ಎಂದು ತುಂಬ ಜನ ಹೇಳುತ್ತಾರೆ, ಆದರೆ ಮುಂದಿನದು ಜಾರಿದರೆ ಸ್ಟಿಯರಿಂಗ್‌ನಲ್ಲಿ ತಿಳಿಯುತ್ತದೆ, ವೇಗ ಇಳಿಸಿದರೆ ಕಾರು ಮತ್ತೆ ಕೈಗೆ ಬರುತ್ತದೆ. ಒದ್ದೆ ರಸ್ತೆಯಲ್ಲಿ ಹಿಂಭಾಗ ಜಾರಿದರೆ ಹಿಡಿಯುವುದು ಕಷ್ಟ. ಸ್ಟೆಪ್ನಿಯೂ ಏಳು ವರ್ಷದ್ದೇ, ರಸ್ತೆ ಮುಟ್ಟದೇ ಇದ್ದರೂ ಅದರ ವಯಸ್ಸು ನಿಲ್ಲುವುದಿಲ್ಲ. ಸದ್ಯಕ್ಕೆ ಇರಲಿ, ಆದರೆ ಅದನ್ನು ಹಾಕಿಕೊಂಡು ನಿಧಾನಕ್ಕೆ ಹತ್ತಿರದ ಟೈರ್ ಅಂಗಡಿವರೆಗೆ ಮಾತ್ರ ಹೋಗಿ, ಊರಿನವರೆಗೆ ಬೇಡ. ಟೈರ್ ಪಾಲಿಶ್ ಹೊಡೆದು ಕಪ್ಪಗೆ ಮಿಂಚಿಸಿದರೆ ಬಿರುಕು ಕಣ್ಣಿಗೆ ಕಾಣುವುದಿಲ್ಲ ಅಷ್ಟೆ, ಹೋಗುವುದಿಲ್ಲ.

ಈಗ ಭಾವನವರ ಸಲಹೆ. ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಾರೆ, ಮೊದಲಿನಿಂದ ಎಲ್ಲರೂ ಹೇಳುತ್ತ ಬಂದಿದ್ದೂ ಅದೇ. ಆದರೆ ನಿಂತ ಕಾರಿಗೆ ಜನ ಮಾಡುವ ಕೆಲಸಗಳಲ್ಲಿ ಹೆಚ್ಚು ಹಾನಿ ಮಾಡುವುದು ಇದೇ ಐದು ನಿಮಿಷದ ಸ್ಟಾರ್ಟ್. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಇಂಜಿನ್ ಚೆನ್ನಾಗಿ ಕಾದಿದ್ದರೆ ಅದು ಆವಿಯಾಗಿ ಸೈಲೆನ್ಸರ್‌ನಿಂದ ಹೊರಗೆ ಹೋಗುತ್ತದೆ. ಐದು ನಿಮಿಷಕ್ಕೆ ಇಂಜಿನ್ ಕಾಯುವುದಿಲ್ಲ. ನೀರು ಸೈಲೆನ್ಸರ್ ಒಳಗೇ ಉಳಿದು ಒಳಗಿನಿಂದ ತುಕ್ಕು ಹಿಡಿಸುತ್ತದೆ. ಸ್ವಲ್ಪ ಇಂಜಿನ್ ಆಯಿಲ್‌ಗೂ ಇಳಿಯುತ್ತದೆ. ತಣ್ಣಗಿನ ಇಂಜಿನ್‌ಗೆ ಪೆಟ್ರೋಲ್ ಜಾಸ್ತಿ ಬಿಡಬೇಕಾಗುತ್ತದೆ, ಉರಿಯದೇ ಉಳಿದದ್ದು ಆಯಿಲ್‌ಗೆ ಸೇರಿ ಅದನ್ನು ತೆಳುವಾಗಿಸುತ್ತದೆ. ದಿನಾ ಐದು ನಿಮಿಷ ಸ್ಟಾರ್ಟ್ ಮಾಡುವ ಕಾರಿನ ಆಯಿಲ್ ಮುಚ್ಚಳ ತೆಗೆದರೆ ಅಡಿಯಲ್ಲಿ ಮೊಸರಿನಂಥ ಬೆಳ್ಳಗಿನ ಅಂಟು ಕಾಣುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಆಯಿಲ್‌ನಲ್ಲಿ ನೀರು ಸೇರಿದರೆ ಹಾಗಾಗುತ್ತದೆ. ನಿಮ್ಮದನ್ನೂ ಒಮ್ಮೆ ತೆಗೆದು ನೋಡಿ.

ಬ್ಯಾಟರಿಗಾದರೂ ಲಾಭ ಇದೆಯಾ? ಸ್ಟಾರ್ಟ್ ಮಾಡಲು ಖರ್ಚಾದ ಕರೆಂಟ್ ಆ ಐದು ನಿಮಿಷದಲ್ಲಿ ವಾಪಸ್ ಬರಬಹುದು. ಆದರೆ ಬ್ಯಾಟರಿ ಸಾಯುವುದು ಸ್ಟಾರ್ಟ್ ಮಾಡಿದ್ದರಿಂದಲ್ಲ. ಕಾರು ಲಾಕ್ ಮಾಡಿ ನಿಲ್ಲಿಸಿದಾಗಲೂ ಅಲಾರಂ, ಗಡಿಯಾರ, ಕಂಪ್ಯೂಟರ್ ಸ್ವಲ್ಪ ಸ್ವಲ್ಪ ಕರೆಂಟ್ ಕುಡಿಯುತ್ತಲೇ ಇರುತ್ತವೆ. 50 ಮಿಲಿ ಆಂಪಿಯರ್ ಎಂದರೆ ತೀರಾ ಕಡಿಮೆ ಅನ್ನಿಸುತ್ತದೆ, ಲೆಕ್ಕ ಹಾಕಿದರೆ ದಿನಕ್ಕೆ 1.2 ಆಂಪಿಯರ್-ಅವರ್. ಸಣ್ಣ ಕಾರಿನ ಬ್ಯಾಟರಿ 35 ಆಂಪಿಯರ್-ಅವರ್‌ದು. ಒಂದು ತಿಂಗಳಿಗೆ ಖಾಲಿ. ಆಮೇಲೆ ಡ್ಯಾಶ್‌ಕ್ಯಾಮ್ ನೇರ ಬ್ಯಾಟರಿಗೆ ಜೋಡಿಸಿದ್ದರೆ, ಹೊರಗಿನಿಂದ ಹಾಕಿಸಿದ ಸ್ಟೀರಿಯೋ ಇದ್ದರೆ, ಡಿಕ್ಕಿ ಸರಿಯಾಗಿ ಮುಚ್ಚದೆ ಒಳಗಿನ ಲೈಟ್ ಉರಿಯುತ್ತಿದ್ದರೆ ಇನ್ನೂ ಬೇಗ. ಹಾಗೆ ಒಂದು ಸಲ ಪೂರ್ತಿ ಖಾಲಿಯಾದ ಬ್ಯಾಟರಿಯ ಪ್ಲೇಟ್ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತುಬಿಡುತ್ತದೆ, ಮತ್ತೆ ಚಾರ್ಜ್ ಮಾಡಿದರೂ ಮೊದಲಿನ ಶಕ್ತಿ ಬರುವುದಿಲ್ಲ. ಮೇ ತಿಂಗಳಲ್ಲಿ ಸತ್ತು ಎದ್ದ ಬ್ಯಾಟರಿಯನ್ನು ನಂಬಿ ಮತ್ತೆ ಹೊರಡಬೇಡಿ. ಅಂಗಡಿಯಲ್ಲಿ ಲೋಡ್ ಟೆಸ್ಟ್ ಮಾಡಿಸಿ. ಮನೆಯಲ್ಲಿ ಮಲ್ಟಿಮೀಟರ್ ಇದ್ದರೆ, ರಾತ್ರಿಯಿಡೀ ನಿಂತ ಕಾರಿನಲ್ಲಿ ಬೆಳಿಗ್ಗೆ 12.6 ವೋಲ್ಟ್ ಇದ್ದರೆ ತುಂಬಿದೆ ಎಂದರ್ಥ, 12.2 ಇದ್ದರೆ ಅರ್ಧ, 12ಕ್ಕೆ ಇಳಿದಿದ್ದರೆ ಹೆಚ್ಚುಕಡಿಮೆ ಖಾಲಿ.

ವಾಚ್‌ಮನ್‌ಗೆ ಕೀ ಕೊಡುವುದರಲ್ಲಿ ಬೇರೆ ಎರಡು ತೊಂದರೆ ಇವೆ. ಸೊಸೈಟಿಯ ಕೆಳಗಿನ ಮುಚ್ಚಿದ ಪಾರ್ಕಿಂಗ್‌ನಲ್ಲಿ ಇಂಜಿನ್ ಆನ್ ಮಾಡಿಟ್ಟರೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ, ಮನುಷ್ಯನಿಗೆ ತಿಳಿಯುವ ಮೊದಲೇ ತಲೆ ತಿರುಗುತ್ತದೆ. ಎರಡನೆಯದು, ಲೈಸೆನ್ಸ್ ಇಲ್ಲದವರು ಗೇರ್‌ನಲ್ಲಿರುವ ಕಾರಿನ ಕೀ ತಿರುಗಿಸಿ ಮುಂದಿನ ಕಂಬಕ್ಕೆ ಗುದ್ದಿದ್ದನ್ನು ನಾನೇ ರಿಪೇರಿ ಮಾಡಿದ್ದೇನೆ. ಅಂಥ ಕೇಸಿನಲ್ಲಿ ಇನ್ಶೂರೆನ್ಸ್ ಸಿಗುವುದೂ ಕಷ್ಟ. ಆ ಬಡಪಾಯಿಯ ಮೇಲೆ ಯಾಕೆ ಈ ಜವಾಬ್ದಾರಿ?

ಇದರ ಬದಲು ವಾರಕ್ಕೊಂದು ಸಲ ಅರ್ಧ ಗಂಟೆ ಓಡಿಸಿ, ಆಗದಿದ್ದರೆ ಹತ್ತು-ಹನ್ನೆರಡು ದಿನಕ್ಕೊಮ್ಮೆಯಾದರೂ. ಭಾನುವಾರ ಬೆಳಿಗ್ಗೆ ಆರೂವರೆಗೆ ಘೋಡ್‌ಬಂದರ್ ರಸ್ತೆಯಲ್ಲೇ ಗಾಯ್‌ಮುಖ್ ಕಡೆ ಹೋಗಿ ಬನ್ನಿ, ಇಲ್ಲವೇ ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇ ಹಿಡಿದು ಘಾಟ್ಕೋಪರ್‌ವರೆಗೆ. 15–20 ಕಿಲೋಮೀಟರ್ ಸಾಕು. ಟೆಂಪರೇಚರ್ ಮುಳ್ಳು ಬೇಗ ಮೇಲೆ ಬರುತ್ತದೆ, ಆದರೆ ಅದು ತೋರಿಸುವುದು ಕೂಲೆಂಟ್‌ನ ಬಿಸಿ. ಆಯಿಲ್ ಕಾಯಲು ಇನ್ನಷ್ಟು ಹೊತ್ತು ಬೇಕು, ಹಾಗಾಗಿಯೇ ಅರ್ಧ ಗಂಟೆ ಅನ್ನುವುದು. ಮಳೆಗಾಲದಲ್ಲೂ ಹತ್ತು ನಿಮಿಷ ಎಸಿ ಹಾಕಿ, ಕಂಪ್ರೆಸರ್‌ನ ಸೀಲ್‌ಗಳಿಗೆ ಎಣ್ಣೆ ತಾಗುತ್ತಿರಬೇಕು. ಈ ಒಂದು ಓಟದಲ್ಲಿ ಬ್ಯಾಟರಿ, ಟೈರ್, ಬ್ರೇಕ್, ಆಯಿಲ್, ಎಸಿ, ಎಲ್ಲದಕ್ಕೂ ಸೇವೆ ಆಗುತ್ತದೆ. ತಿಂಗಳುಗಟ್ಟಲೆ ತೆಗೆಯುವುದೇ ಇಲ್ಲ ಎಂದರೆ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿಡಿ. ಗಡಿಯಾರ ಮತ್ತೆ ಸೆಟ್ ಮಾಡಬೇಕಾಗುತ್ತದೆ, ರಿಮೋಟ್ ಕೆಲಸ ಮಾಡುವುದಿಲ್ಲ, ಬಾಗಿಲನ್ನು ಕೀಯಿಂದಲೇ ತೆರೆಯಬೇಕು.

ಆಯಿಲ್ ಬಗ್ಗೆ ಕೇಳಿದಿರಿ. ಸರ್ವಿಸ್ ಪುಸ್ತಕ ತೆಗೆದು ನೋಡಿ, ಸಾಮಾನ್ಯವಾಗಿ 10,000 ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು ಎಂದು ಬರೆದಿರುತ್ತದೆ. ಜನ ಮೊದಲ ಅರ್ಧ ಓದಿ ಬಿಟ್ಟುಬಿಡುತ್ತಾರೆ. ಮೇಲೆ ಹೇಳಿದ ನೀರು, ಪೆಟ್ರೋಲ್, ಅದರಿಂದ ಆಗುವ ಆಸಿಡ್, ಇವನ್ನೆಲ್ಲ ತಡೆಯಲು ಆಯಿಲ್‌ನಲ್ಲಿ ಹಾಕಿರುವ ಔಷಧ ಖರ್ಚಾಗುತ್ತ ಹೋಗುತ್ತದೆ. ತಿಂಗಳಿಗೆ ಎರಡು ಸಲ ಮಾರ್ಕೆಟ್‌ಗೆ ಹೋಗಿ ಬರುವ ಕಾರಿನಲ್ಲಿ ಅದು ಬೇಗ ಖರ್ಚಾಗುತ್ತದೆ, ಹೈವೇಯಲ್ಲಿ ಓಡುವ ಕಾರಿನಲ್ಲಿ ನಿಧಾನ. ವರ್ಷಕ್ಕೊಮ್ಮೆ ಆಯಿಲ್, ಆಯಿಲ್ ಫಿಲ್ಟರ್ ಬದಲಿಸಿ. ಅದರ ಜೊತೆಗೆ ಇಂಜಿನ್ ಫ್ಲಶ್, ಇಂಜೆಕ್ಟರ್ ಕ್ಲೀನಿಂಗ್, ಒಳಗೆಲ್ಲ ಸುವಾಸನೆಯ ಟ್ರೀಟ್‌ಮೆಂಟ್ ಅಂತ ಬಿಲ್ ಉದ್ದ ಮಾಡಿದರೆ ಬೇಡ ಎಂದು ಹೇಳುವ ಹಕ್ಕು ನಿಮಗಿದೆ. 26,000 ಓಡಿದ ಕಾರಿಗೆ ಯಾವ ತೊಂದರೆಯೂ ಇಲ್ಲದೆ ಅವು ಬೇಕಾಗುವುದಿಲ್ಲ.

ಸರ್ವಿಸ್‌ನಲ್ಲಿ ನೀವು ಕೇಳಿ ಮಾಡಿಸಬೇಕಾದದ್ದು ಬ್ರೇಕ್ ಆಯಿಲ್. ಅದನ್ನು ಹೆಚ್ಚಿನವರು ಮರೆಯುತ್ತಾರೆ. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರಿಕೊಳ್ಳುತ್ತದೆ, ಡಬ್ಬಿ ಎಷ್ಟೇ ಗಟ್ಟಿ ಮುಚ್ಚಿದ್ದರೂ ರಬ್ಬರ್ ಪೈಪ್ ಮೂಲಕ ಸ್ವಲ್ಪ ಸ್ವಲ್ಪ ಒಳಗೆ ಹೋಗುತ್ತದೆ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಾಗಿದ್ದಾಗ ಕಡಿಮೆ ಅಂದರೂ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯುವುದಿಲ್ಲ. ತೇವ ಕುಡಿದ ಮೇಲೆ 155 ಡಿಗ್ರಿಗೇ ಕುದಿಯಬಹುದು. ಊರಿಗೆ ಹೋಗುವಾಗ ಪರಶುರಾಮ ಘಾಟಿ ಇದೆ, ಗೋವಾದ ಕಾಣಕೋಣದ ಹತ್ತಿರ ಕರ್ಮಲ ಘಾಟಿ ಇದೆ. ಪುಣೆ-ಬೆಳಗಾವಿ-ಹುಬ್ಬಳ್ಳಿ ಮೇಲೆ ಹೋದರೆ ಯಲ್ಲಾಪುರ ದಾಟಿ ಅರಬೈಲು ಇಳಿಯಬೇಕು. ತುಂಬಿದ ಕಾರಿನಲ್ಲಿ ಇಳಿಜಾರಿನುದ್ದಕ್ಕೂ ಬ್ರೇಕ್ ಮೇಲೆ ಕಾಲಿಟ್ಟುಕೊಂಡರೆ ಆಯಿಲ್ ಕುದ್ದು ಒಳಗೆ ಗುಳ್ಳೆ ಏಳುತ್ತದೆ. ಆಗ ಪೆಡಲ್ ಒತ್ತಿದರೆ ಸ್ಪಂಜಿನ ಹಾಗೆ ಕೆಳಗೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬದಲಿಸಿದರೆ ಆಯಿತು, ಸಾವಿರ ರೂಪಾಯಿಯ ಆಸುಪಾಸಿನ ಕೆಲಸ. ಏಳು ವರ್ಷದಲ್ಲಿ ಒಮ್ಮೆಯೂ ಬದಲಿಸಿಲ್ಲ ಎಂದಾದರೆ ಇದನ್ನು ಟೈರಿನಷ್ಟೇ ಮುಖ್ಯ ಎಂದು ತಿಳಿಯಿರಿ. ಘಾಟಿ ಇಳಿಯುವಾಗ ಎರಡನೇ ಅಥವಾ ಮೂರನೇ ಗೇರ್‌ಗೆ ಹಾಕಿ ಇಂಜಿನ್ನೇ ಕಾರನ್ನು ತಡೆಯಲಿ, ಬ್ರೇಕ್ ಅನ್ನು ಆಗಾಗ ಒತ್ತಿ ಬಿಡಿ.

ಚಕ್ರ ಹಿಡಿದುಕೊಂಡದ್ದಕ್ಕೆ ಹೆದರಬೇಡಿ. ಹ್ಯಾಂಡ್‌ಬ್ರೇಕ್ ಎಳೆದಿಟ್ಟು ಮಳೆಗಾಲವೆಲ್ಲ ನಿಲ್ಲಿಸಿದ್ದೀರಿ, ಹಿಂದಿನ ಡ್ರಮ್ ಒಳಗೆ ಬ್ರೇಕ್ ಶೂ ತುಕ್ಕಿನಿಂದ ಅಂಟಿಕೊಂಡಿದೆ. 'ಟಕ್' ಎಂದು ಬಿಟ್ಟಿದ್ದು ಅದೇ. ಆದರೆ ಒಮ್ಮೆ ಡ್ರಮ್ ಬಿಚ್ಚಿಸಿ ನೋಡಲೇಬೇಕು, ಕೆಲವೊಮ್ಮೆ ಶೂ ಮೇಲಿನ ಪದರವೇ ಕಿತ್ತುಬಂದಿರುತ್ತದೆ. ಮುಂದಿನ ಡಿಸ್ಕ್ ಮೇಲೆ ಕೆಂಪು ತುಕ್ಕು ಕಂಡರೆ ಅದು ನಾಲ್ಕು ಸಲ ಬ್ರೇಕ್ ಒತ್ತಿದರೆ ಹೋಗುತ್ತದೆ. ಇನ್ನು ಮುಂದೆ ಸಮತಟ್ಟಾದ ಪಾರ್ಕಿಂಗ್‌ನಲ್ಲಿ ಜಾಸ್ತಿ ದಿನ ನಿಲ್ಲಿಸುವಾಗ ಹ್ಯಾಂಡ್‌ಬ್ರೇಕ್ ಬಿಟ್ಟು, ಮೊದಲ ಗೇರ್‌ನಲ್ಲಿಟ್ಟು, ಚಕ್ರಕ್ಕೆ ಎರಡೂ ಕಡೆ ಇಟ್ಟಿಗೆ ಕೊಡಿ. ಸ್ಟಾರ್ಟ್ ಮಾಡುವ ಮೊದಲು ಗೇರ್ ನ್ಯೂಟ್ರಲ್‌ಗೆ ತರಲು, ಇಟ್ಟಿಗೆ ತೆಗೆಯಲು ಮರೆಯಬೇಡಿ. ದಿನಾ ಬೆಳಿಗ್ಗೆ ಬಕೆಟ್ ನೀರಿನಲ್ಲಿ ಕಾರು ತೊಳೆಯುವ ಹುಡುಗನಿಗೂ ಹೇಳಿ, ನಿಂತ ಕಾರಿಗೆ ದಿನಾ ಚಕ್ರದ ಮೇಲೆ ನೀರು ಬೇಡ, ಒಣ ಬಟ್ಟೆಯಲ್ಲಿ ಧೂಳು ಹೊಡೆದರೆ ಸಾಕು. ಪ್ಲಾಸ್ಟಿಕ್ ಕವರ್ ಹಾಕಿದ್ದರೆ ತೆಗೆಯಿರಿ, ಅದರೊಳಗೆ ತೇವ ಕೂರುತ್ತದೆ.

ಇಲಿಯ ಬಗ್ಗೆ ನೀವು ಕೇಳಿಲ್ಲ, ಆದರೆ ನಿಂತ ಕಾರು ಅಂದ ಮೇಲೆ ಇಲಿ ಬಂದೇ ಬರುತ್ತದೆ. ಹೊರಡುವ ಮೊದಲು ಬಾನೆಟ್ ಎತ್ತಿ ವೈರ್ ಕಡಿದಿದೆಯಾ ನೋಡಿ. ಅದರ ಹಲ್ಲು ಬೆಳೆಯುತ್ತಲೇ ಇರುವುದರಿಂದ ಏನಾದರೂ ಕಡಿಯುತ್ತಲೇ ಇರಬೇಕು. ನುಸಿಗುಳಿಗೆ ಹಾಕಿದರೆ ಆ ವಾಸನೆ ಎಸಿ ಮೂಲಕ ನಿಮ್ಮ ಮೂಗಿಗೇ ಬರುತ್ತದೆ. ಪೆಟ್ರೋಲ್, ಡೀಸೆಲ್ ಸವರುವುದಂತೂ ಬೆಂಕಿಗೆ ದಾರಿ. ಕಸದ ಡಬ್ಬಿಯಿಂದ ದೂರ ನಿಲ್ಲಿಸುವುದು, ಒಳಗೆ ತಿಂಡಿಯ ಚೂರು ಬಿಡದಿರುವುದು, ವಾರಕ್ಕೊಮ್ಮೆ ಓಡಿಸುವುದು, ಇಷ್ಟೇ ನನಗೆ ಗೊತ್ತಿರುವ ಉಪಾಯ.

ಕೊನೆಯ ಪ್ರಶ್ನೆ, ಇಟ್ಟುಕೊಳ್ಳುವುದಾ, ಮಾರುವುದಾ. ಇದಕ್ಕೆ ನಾನು ಗ್ಯಾರೇಜಿನವನಾಗಿ ಉತ್ತರ ಕೊಡುವುದಿಲ್ಲ, ಲೆಕ್ಕ ಹೇಳುತ್ತೇನೆ. ಇನ್ಶೂರೆನ್ಸ್, ವರ್ಷದ ಸರ್ವಿಸ್, ಟೈರ್ ಮತ್ತು ಬ್ಯಾಟರಿಯ ಖರ್ಚನ್ನು ವರ್ಷಕ್ಕೆ ಹಂಚಿದ್ದು, ಇವನ್ನೆಲ್ಲ ಸೇರಿಸಿದರೆ ನಿಮ್ಮಂಥ ಕಾರಿಗೆ ಪೆಟ್ರೋಲ್, ಪಾರ್ಕಿಂಗ್ ಬಿಟ್ಟು ವರ್ಷಕ್ಕೆ ಸುಮಾರು 20–25 ಸಾವಿರ ಆಗುತ್ತದೆ. ಓಡಿಸಿದರೂ ಅಷ್ಟೇ, ಓಡಿಸದಿದ್ದರೂ ಅಷ್ಟೇ. ಇನ್ಶೂರೆನ್ಸ್‌ನಲ್ಲಿ ಸ್ವಲ್ಪ ಉಳಿಸಬಹುದು. ಓಡಿದಷ್ಟಕ್ಕೆ ಮಾತ್ರ ಪ್ರೀಮಿಯಂ ಕಟ್ಟುವ ಪಾಲಿಸಿಗೆ ವಿಮಾ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ 2022ರಲ್ಲಿ ಒಪ್ಪಿಗೆ ಕೊಟ್ಟಿದೆ. ನಿಮ್ಮ ಗಾಡಿಗೆ ಅದು ಹೇಳಿ ಮಾಡಿಸಿದ ಹಾಗಿದೆ. ಕಡಿಮೆಯಾಗುವುದು ನಿಮ್ಮ ಕಾರಿನ ಸ್ವಂತ ಹಾನಿಯ ಭಾಗ ಮಾತ್ರ, ಥರ್ಡ್ ಪಾರ್ಟಿ ಪ್ರೀಮಿಯಂ ಹಾಗೇ ಇರುತ್ತದೆ. ಊರಿನ ಎರಡು ಓಟಕ್ಕೇ 3,200 ಕಿಲೋಮೀಟರ್ ಆಗುವುದರಿಂದ ತೀರಾ ಕಡಿಮೆಯ ಮಿತಿ ಆರಿಸಬೇಡಿ, ಮಿತಿ ದಾಟಿದ ಮೇಲೆ ಏನಾದರೂ ಆದರೆ ಕ್ಲೇಮ್‌ಗೆ ತೊಡಕಾಗುತ್ತದೆ.

ಕಾರನ್ನು ಊರಲ್ಲೇ ಬಿಟ್ಟು ನೀವು ಮತ್ಸ್ಯಗಂಧ ರೈಲಿನಲ್ಲಿ ಹೋಗಿ ಬರುವುದೂ ಒಂದು ದಾರಿ, ಕೆಲವರು ಮಾಡುತ್ತಾರೆ. ಆದರೆ ಅಲ್ಲೂ ಅದು ನಿಂತೇ ಇರುತ್ತದೆ, ಅಲ್ಲೂ ಸಮುದ್ರದ ಗಾಳಿಯೇ. ಮೇಲಾಗಿ ಎಂಎಚ್ ನಂಬರಿನ ಗಾಡಿಯನ್ನು ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಜಾಸ್ತಿ ಇಟ್ಟರೆ ಅಲ್ಲಿ ನಂಬರ್ ಬದಲಿಸಬೇಕು, ತೆರಿಗೆ ಕಟ್ಟಬೇಕು. ಊರಲ್ಲಿ ವಾರ ವಾರ ಓಡಿಸುವ ತಮ್ಮನೋ ಮೈದುನನೋ ಇದ್ದರೆ ಮಾತ್ರ ಯೋಚಿಸಿ.

ಮಾರಿಬಿಟ್ಟು ರೈಲಿನಲ್ಲಿ ಹೋಗಿ, ಊರಲ್ಲಿ ಬಾಡಿಗೆ ಕಾರು ತೆಗೆದುಕೊಳ್ಳುವುದು ಲೆಕ್ಕಕ್ಕೆ ಎಲ್ಲಕ್ಕಿಂತ ಅಗ್ಗ. ತೊಂದರೆ ಏನೆಂದರೆ ಮೇ ತಿಂಗಳ ಟಿಕೆಟ್ ಸಿಗುವುದು ಎಷ್ಟು ಕಷ್ಟ ಎಂದು ನಿಮಗೇ ಗೊತ್ತು. ಬಾಡಿಗೆಗೆ ತೆಗೆದು ನೀವೇ ಓಡಿಸುವುದಾದರೆ ಕಪ್ಪು ಪ್ಲೇಟ್ ಮೇಲೆ ಹಳದಿ ಅಕ್ಷರ ಇರುವ ಗಾಡಿಯನ್ನೇ ತೆಗೆದುಕೊಳ್ಳಿ. ಬಿಳಿ ಪ್ಲೇಟಿನ ಮನೆ ಕಾರನ್ನು ಬಾಡಿಗೆಗೆ ಕೊಡುವವರು ಗೋವಾದಲ್ಲೂ ನಮ್ಮ ಕರಾವಳಿಯಲ್ಲೂ ಇದ್ದಾರೆ, ಅಪಘಾತವಾದರೆ ಇನ್ಶೂರೆನ್ಸ್ ಕೈಬಿಡುವ ಅಪಾಯ ದೊಡ್ಡದು. 2025ರ ಗಣೇಶ ಹಬ್ಬಕ್ಕೆ ಕೊಂಕಣ ರೈಲ್ವೆ ಕೋಲಾಡ್‌ನಿಂದ ಗೋವಾದ ವೆರ್ಣಾವರೆಗೆ ಕಾರನ್ನೇ ರೈಲಿನ ಮೇಲೆ ಸಾಗಿಸಿತು. ಅಂಥದ್ದು ವರ್ಷವಿಡೀ ಇದ್ದರೆ ನಮ್ಮವರಿಗೆ ಎಷ್ಟು ಅನುಕೂಲ ಅಲ್ವಾ.

ನನ್ನನ್ನು ಕೇಳಿದರೆ, ಭಾನುವಾರದ ಅರ್ಧ ಗಂಟೆ ಕೊಡಲು ನಿಮಗೆ ಮನಸ್ಸಿದ್ದರೆ ಕಾರು ಇಟ್ಟುಕೊಳ್ಳಿ. 26,000 ಓಡಿದ ಪೆಟ್ರೋಲ್ ಇಂಜಿನ್ ಒಳಗೆ ಇನ್ನೂ ಬಹಳ ಆಯುಷ್ಯ ಇದೆ, ಆರ್‌ಸಿ 2033ರವರೆಗೆ ಇದೆ, ನಿಮಗೆ ಓಡಿಸುವುದೂ ಚೆನ್ನಾಗಿ ಬರುತ್ತದೆ. ಆ ಅರ್ಧ ಗಂಟೆ ಆಗುವುದೇ ಇಲ್ಲ ಎಂದರೆ ಈಗಲೇ ಮಾರಿ, ಇನ್ನೆರಡು ವರ್ಷ ನಿಂತರೆ ಬೆಲೆ ಇನ್ನೂ ಇಳಿಯುತ್ತದೆ.

ಡಿಸೆಂಬರ್‌ಗೆ ಹೊರಡುವುದಾದರೆ ಹಿಂದಿನ ದಿನ ಗ್ಯಾರೇಜಿಗೆ ಬರಬೇಡಿ, ಎರಡು ವಾರ ಮೊದಲು ಕೆಲಸ ಮುಗಿಸಿ. ಟೈರ್, ಬ್ಯಾಟರಿ, ಬ್ರೇಕ್ ಆಯಿಲ್, ಹಿಂದಿನ ಡ್ರಮ್, ಇಂಜಿನ್ ಆಯಿಲ್, ಬೆಲ್ಟ್ ಮತ್ತು ರಬ್ಬರ್ ಪೈಪ್‌ಗಳು. ಆಮೇಲೆ ಒಂದು ಭಾನುವಾರ ಲೋಣಾವಳಾಕ್ಕೆ ಹೋಗಿ ಬನ್ನಿ, ಅತ್ತೆಯವರನ್ನೂ ಕರೆದುಕೊಂಡು. ಏನಾದರೂ ಸರಿಯಿಲ್ಲದಿದ್ದರೆ ಆ ಘಾಟಿಯಲ್ಲೇ ತಿಳಿಯುತ್ತದೆ, ರಿಪೇರಿಗೆ ಸಮಯವೂ ಇರುತ್ತದೆ. ಹೊಗೆ ತಪಾಸಣೆಯ ಪಿಯುಸಿ ಸರ್ಟಿಫಿಕೇಟಿನ ಅವಧಿ ಮುಗಿದಿದೆಯಾ, ಫಾಸ್ಟ್ಯಾಗ್‌ನಲ್ಲಿ ದುಡ್ಡಿದೆಯಾ ನೋಡಿ. ನಿಮ್ಮದು 2019ರ ಏಪ್ರಿಲ್‌ಗಿಂತ ಮೊದಲಿನ ಗಾಡಿ, ಹೈ ಸೆಕ್ಯುರಿಟಿ ನಂಬರ್ ಪ್ಲೇಟ್ ಹಾಕಿಸಿಲ್ಲದಿದ್ದರೆ ಅದನ್ನೂ ಹಾಕಿಸಿ. ಹೊಸ ಟೈರ್ ತೆಗೆದುಕೊಳ್ಳುವಾಗ ಅಂಗಡಿಯವರು ಚಕ್ರಕ್ಕೆ ಹಾಕುವ ಮೊದಲು ಆ ನಾಲ್ಕು ಅಂಕಿ ನೀವೇ ಓದಿ. ಗೋದಾಮಿನಲ್ಲಿ ಎರಡು ವರ್ಷ ಕೂತಿದ್ದನ್ನು ಹೊಸದು ಎಂದು ಕೊಟ್ಟರೆ ತೆಗೆದುಕೊಳ್ಳಬೇಡಿ, ಆರೇಳು ತಿಂಗಳ ಒಳಗಿನದು ಕೇಳಿ. ಆ ಅಂಕಿಗಳನ್ನು ಬಿಲ್ ಮೇಲೂ ಬರೆಸಿಕೊಳ್ಳಿ.